ಒಂಬತ್ತನೇ ಹೆಜ್ಜೆಯ ಹಿಮ್ಮಡಿ

ಹಳೆಯ ಹಿಟ್ಟಿನ ಗಿರಣಿಯಿಂದ,
ಜೂನ್ ೪, ಬುಧವಾರ

ಚಿರಂಜೀವಿ ತಮ್ಮನಿಗೆ,

ಅಕ್ಕನ ತುಂಬು ಮನಸ್ಸಿನ ಆಶೀರ್ವಾದ. ನಿನಗೊಂದು ಸಾಲು ಬರೆದು ಒಂಬತ್ತು ತಿಂಗಳಾಯಿತು. ತಪ್ಪು ನನ್ನದೇ, ಕಿವಿ ಹಿಡಿದುಕೊಂಡೆ, ಸಾಕಾ? ನೀನು ಕಳಿಸಿದ ಉಣ್ಣೆಯ ಶಾಲು ತಲುಪಿತು. ಅದರ ಜೊತೆ ನಿನ್ನ ಹೆಂಡತಿ ಇಟ್ಟಿದ್ದ ಮಂಡಿನೋವಿನ ಎಣ್ಣೆಯ ಸೀಸೆ ದಾರಿಯಲ್ಲೇ ಒಡೆದು, ಎಣ್ಣೆಯೆಲ್ಲ ಶಾಲಿಗೇ ಇಳಿದಿತ್ತು. ಶಾಲಿನ ಮಂಡಿನೋವು ಪೂರ್ತಿ ವಾಸಿಯಾಗಿದೆ ಅಂತ ಅವಳಿಗೆ ಹೇಳು.

ಈಗ ಸುದ್ದಿ. ನಿಂತುಕೊಂಡು ಓದುತ್ತಿದ್ದರೆ ಕೂತುಕೋ. ದೀಪ ಆರಿಸಿ, ಪರದೆ ಏಳಲಿ!

ಮೀಸೆ ಬಂದಿದ್ದ ಕಣೋ. ನನ್ನ ಬಾಗಿಲಿಗೆ. ಕುಂಟಿಕೊಂಡು!

ಹೌದು, ಅದೇ ಮೀಸೆ. ನಮ್ಮ ಗರಡಿಯ ಈಗಿನ ಯಜಮಾನ, ನಿನ್ನ ಹೆಂಡತಿಯ ಅಣ್ಣ, ನಿನ್ನ ಪಾಲಿನ ಭಾವ, ನನ್ನ ಪಾಲಿನ ಖಳ. ಮೂವತ್ತೊಂದು ವರ್ಷದಿಂದ ನಾನು ಹಲ್ಲು ಕಚ್ಚಿಕೊಂಡು ಕಾದಿದ್ದ ಪಾತ್ರಧಾರಿ ಕೊನೆಗೂ ರಂಗಕ್ಕೆ ಬಂದ. ಅದೂ ಹೇಗೆ? ಬಿಸಿಲಲ್ಲಿ ಮಫ್ಲರ್ ಸುತ್ತಿಕೊಂಡು, ಯಾರೂ ಗುರುತು ಹಿಡಿಯಬಾರದು ಅಂತ ಮೀಸೆಯನ್ನೂ ಅದರೊಳಗೆ ತುರುಕಿಕೊಂಡು!

ನೀನು ಎಲ್ಲ ಬಲ್ಲೆ. ಆದರೂ ಹಿಂದಿನ ಅಂಕ ಹೇಳದೆ ಮುಂದಿನ ಅಂಕ ಆಡಿಸುವುದು ನಮ್ಮಪ್ಪನ ಮಕ್ಕಳಿಗೆ ಬರುವುದಿಲ್ಲ. ನಾಟಕದ ಕಂಪನಿ ಮುಚ್ಚಿದ ದಿನ ಅಪ್ಪ ದೊಡ್ಡ ಪರದೆಯ ಗಳವನ್ನು ನನ್ನ ಎತ್ತರಕ್ಕೆ ಕತ್ತರಿಸಿ ಕೈಗೆ ಕೊಟ್ಟು, 'ತಗೋ ಮಗಳೇ, ಇದು ಇಷ್ಟು ದಿನ ಎಷ್ಟೋ ರಾಜರನ್ನ ಮುಚ್ಚಿದೆ, ಇನ್ಮೇಲೆ ನಾಲ್ಕು ಜನರನ್ನ ಬೀಳಿಸಲಿ' ಅಂದಿದ್ದು ನೆನಪಿದೆಯಾ? ಒಂದು ತುದಿಯಲ್ಲಿ ಪರದೆಯ ಹಿತ್ತಾಳೆ ಬಳೆ ಇನ್ನೂ ಅಂಟಿಕೊಂಡಿತ್ತು. ಆ ಕೋಲು ಹಿಡಿದುಕೊಂಡೇ ನಾವಿಬ್ಬರೂ ಗರಡಿಗೆ ಸೇರಿದ್ದು. ಕೋಲಿನ ವರಸೆ, ಇಪ್ಪತ್ತೊಂದು ಹೆಜ್ಜೆ. ಎಡಗಾಲಿನ ಹಿಮ್ಮಡಿ ಊರದೆ, ಪಾದವನ್ನು ನೆಲದ ಮೇಲೆ 'ಸರ್ರ್' ಅಂತ ಎಳೆಯುವ ಒಂಬತ್ತನೇ ಹೆಜ್ಜೆ ಆ ಗರಡಿಯ ಕಿರೀಟ. 'ಭೂಮಿಗೆ ತಿಳಿಯದ ಹಾಗೆ ಸರಿಯುವ ಗುಪ್ತಹೆಜ್ಜೆ' ಅಂತ ಮೀಸೆ ಹದಿನಾರು ಪುಟದ ಪುಸ್ತಿಕೆಯನ್ನೇ ಬರೆದ. ಒಂದು ಹಿಮ್ಮಡಿಗೆ ಹದಿನಾರು ಪುಟ!

ಆಮೇಲೆ ನನ್ನ ಕೊರಳೆಲುಬು ಮುರಿಯಿತು. ಮೂರು ತಿಂಗಳು ಗರಡಿಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದೆ. ಮಲಗಿದಲ್ಲೇ ವರಸೆ ಮಾಡಿದೆ. ಕೈಕಾಲು ಆಡಿಸದೆ, ಒಳಗೊಳಗೇ. ಒಂದೊಂದು ಹೆಜ್ಜೆಗೆ ಒಂದೊಂದು ಗಂಟೆ ತೆಗೆದುಕೊಂಡೆ. ಭಾರ ಪಾದದ ಯಾವ ಅಂಚಿಗೆ ಬರುತ್ತದೆ, ಉಸಿರು ಯಾವ ಪಕ್ಕೆಲುಬಿಗೆ ತಾಗುತ್ತದೆ, ಕತ್ತು ಯಾವಾಗ ಸುಮ್ಮಸುಮ್ಮನೆ ಬಿಗಿಯುತ್ತದೆ, ಇವನ್ನೇ ಕೇಳಿಸಿಕೊಂಡೆ. ನನ್ನ ಮೈಯೆಲ್ಲ ಕಿವಿಯಾಗಿತ್ತು. ಇಪ್ಪತ್ತು ಹೆಜ್ಜೆ ನೀರು ಇಳಿದ ಹಾಗೆ ಮೈಗಿಳಿದವು. ಒಂಬತ್ತನೆಯದು ಮಾತ್ರ ಇಳಿಯಲಿಲ್ಲ. ಅದು ನನ್ನ ಮೈಯ ಹೆಜ್ಜೆಯಾಗಿರಲಿಲ್ಲ, ಬೇರೆ ಯಾರದೋ ಮೈ ಪಟ್ಟ ಪಾಡಾಗಿತ್ತು.

ಎದ್ದು ಓಡಾಡುವ ಹಾಗಾದ ಮೇಲೆ ಒಂದು ಬೆಳಿಗ್ಗೆ ಗುರುಗಳು ತಿರುವು ತೋರಿಸುತ್ತಿದ್ದರು. ಅವರ ಸೊಂಟದ ಮೇಲೆ ಅಂಗೈ ಇಟ್ಟು ತಿರುವು ಕಲಿಯುವುದು ಅವರದೇ ಪದ್ಧತಿ. ನಾನು ಕೈಯಿಟ್ಟೆ. ಆಮೇಲೆ ನೀನೂ ಇಟ್ಟೆ. ಒಂಬತ್ತನೇ ಹೆಜ್ಜೆಗೆ ಅವರ ಕಾಲು ಏಳುವ ಮೊದಲೇ ಬೆನ್ನು ಬೆದರಿತು! ಮುಟ್ಟಿದರೆ ನೋಯುವ ಜಾಗವನ್ನು ಮುಚ್ಚಿಟ್ಟುಕೊಳ್ಳುವವರು ಹಾಗೆ ಬೆದರುತ್ತಾರೆ. ನನ್ನ ಗಂಟಲು ಗೊತ್ತಲ್ಲ, ಮೈಕು ಬೇಡದ ಗಂಟಲು. ಅರ್ಧ ಗಂಟೆ ಕಳೆದು, ತುಂಬಿದ ಗರಡಿಯಲ್ಲಿ ಹೇಳಿಯೇ ಬಿಟ್ಟೆ: "ಗುರುಗಳೇ, ಇದು ಗುಪ್ತಹೆಜ್ಜೆ ಅಲ್ಲ, ನೋವು. ನಿಮ್ಮ ಹಿಮ್ಮಡೀಲಿ ಏನೋ ಇದೆ. ನಾವೆಲ್ಲ ನಿಮ್ಮ ನೋವನ್ನ ಬಾಯಿಪಾಠ ಮಾಡ್ತಾ ಇದ್ದೀವಿ."

ಮೀಸೆ ಸಿಡಿದೆದ್ದ. "ವಿದ್ಯೆಗೇ ಕುಂಟು ಅಂತೀಯಾ? ಮೂರು ತಿಂಗಳು ಮಲಗಿ ಎದ್ದವಳು ನಮಗೆ ಕಾಲೂರೋದು ಹೇಳಿಕೊಡ್ತೀಯಾ? ನಾಟಕದವಳೇ!" ಗುರುಗಳು ಒಂದೇ ಒಂದು ಪ್ರಶ್ನೆ ಕೇಳಿದರು, ಅದಕ್ಕೊಂದು ಉತ್ತರ ಬಂತು, ಅವರು ಎದ್ದು ಒಳಗೆ ಹೋದರು. ಆ ಪ್ರಶ್ನೆ, ಆ ಉತ್ತರ ಈಗ ಬೇಡ.

ವಿದ್ಯೆಗೆ ಎದುರಾಡಿದವರ ಕೋಲನ್ನು ಎರಡು ತುಂಡು ಮಾಡಿ ಗರಡಿಯ ಚಾಕರಿಗೆ ಹಾಕಬೇಕು ಅನ್ನುವುದು ಅಲ್ಲಿನ ನಿಯಮ. ಅಪ್ಪನ ಗಳವನ್ನು ಗರಗಸದಲ್ಲಿ ಕೊಯ್ದರು. ಒಂದು ತುಂಡು ಹಿಂಬಾಗಿಲಿಗೆ ಅಗುಳಿಯಾಯಿತು. ಹಿತ್ತಾಳೆ ಬಳೆಯಿದ್ದ ಇನ್ನೊಂದು ತುಂಡು ಬಚ್ಚಲುಮನೆಗೆ ಹೋಯಿತು. ಅಲ್ಲಿ, ಆ ಪವಿತ್ರ ಸ್ಥಳದಲ್ಲಿ, ಗಂಡಸರು ಇವತ್ತಿಗೂ ಅದರ ಮೇಲೆ ಒದ್ದೆ ಚಡ್ಡಿ ಒಣಗಿಸುತ್ತಾರೆ!

ಅವತ್ತಿನಿಂದ ನನಗೆ ಬೇಕಾಗಿರುವುದು ಒಂದೇ. ಒಂಬತ್ತನೇ ಹೆಜ್ಜೆ ನೋವು ಅಂತ ಅದೇ ಗರಡಿ, ಎಲ್ಲರೆದುರು, ತನ್ನ ಬಾಯಿಂದಲೇ ಹೇಳಬೇಕು.

ಈಗ ಇವತ್ತಿನ ಅಂಕ. ನನ್ನ ಜಾಗ ನೀನು ನೋಡಿಲ್ಲ. ಗಿರಣಿಯ ಯಂತ್ರ ಕಿತ್ತುಕೊಂಡು ಹೋಗಿದ್ದಾರೆ, ಬೋಲ್ಟು ಮಾತ್ರ ನೆಲದಲ್ಲಿ ಉಳಿದಿವೆ. ಎತ್ತರದ ಕಿಟಕಿ, ಹಲಗೆಯ ನೆಲ. ನನ್ನ ಶಿಷ್ಯರು ನಾಲ್ವರು. ಒಬ್ಬ ಬ್ರೆಡ್ಡು ಸುಡುವವನು, ಒಬ್ಬಳು ಸೂಲಗಿತ್ತಿ, ಒಬ್ಬ ಬಸ್ಸಿನ ಡ್ರೈವರು, ಒಬ್ಬಳು ಟಪಾಲು ಹಂಚುವವಳು. ಮಲಗಿ ಶುರು ಮಾಡುತ್ತೇವೆ, ಕಣ್ಣು ಕಟ್ಟಿಕೊಂಡು ನಡೆಯುತ್ತೇವೆ, ಒಬ್ಬರ ಬೆನ್ನಿಗೆ ಇನ್ನೊಬ್ಬರು ಅಂಗೈ ಇಟ್ಟು ಭಾರ ಎಲ್ಲಿದೆ ಹೇಳುತ್ತೇವೆ. ಕೋಲು ಮುಟ್ಟುವುದು ಆರು ತಿಂಗಳಾದ ಮೇಲೆ. ಊರಲ್ಲಿ ಇದಕ್ಕೆ 'ಮಲಗೋ ಗರಡಿ' ಅಂತ ಹೆಸರು. ಹೆಸರಿಟ್ಟವನು ಯಾರು ಅಂತ ಬೇರೆ ಹೇಳಬೇಕೇ?

ಅವನನ್ನು ಕರೆತಂದದ್ದು ಅವನ ಸೊಸೆ, ಆಸ್ಪತ್ರೆಯಲ್ಲಿ ನರ್ಸು. "ಮೂರು ಡಾಕ್ಟ್ರು ಆಯ್ತು ಆಂಟಿ. ಸೊಂಟ ಹಿಡಿದುಬಿಟ್ಟಿದೆ. ಮೆಟ್ಟಿಲು ಹತ್ತೋಕಾಗಲ್ಲ, ಮಲಗಿದ್ರೆ ನಿದ್ದೆ ಇಲ್ಲ. ನವೆಂಬರಲ್ಲಿ ಗರಡಿಗೆ ನೂರು ವರ್ಷ ತುಂಬುತ್ತೆ, ಪುರಭವನದಲ್ಲಿ ಇವರೇ ಇಪ್ಪತ್ತೊಂದು ಹೆಜ್ಜೆ ಇಡಬೇಕಂತೆ. ನೀವೇ ಏನಾದ್ರೂ ಮಾಡಿ."

ಮೀಸೆ ಗೋಡೆ ನೋಡಿಕೊಂಡು ಹೇಳಿದ: "ನೋಡಮ್ಮಾ, ಹಳೇದೆಲ್ಲ ಮನಸ್ಸಲ್ಲಿ ಇಟ್ಕೋಬೇಡ."

"ಅಯ್ಯೋ, ನನಗೆಲ್ಲಿ ಜ್ಞಾಪಕ ಇರುತ್ತೆ," ಅಂದೆ. ಅಪ್ಪ ಕೇಳಿದ್ದರೆ ಎದ್ದು ಚಪ್ಪಾಳೆ ತಟ್ಟುತ್ತಿದ್ದ. "ಮಲಗಿ."

"ಮಲಗೋಕೆ ಬಂದಿಲ್ಲ ನಾನು."

"ಇಲ್ಲಿ ಎಲ್ಲರೂ ಮಲಗೋಕೇ ಬರೋದು. ಹೆಸರಿಟ್ಟವರು ನೀವೇ ಅಲ್ವಾ?"

ಮಲಗಿದ. ಎರಡು ಹಿಮ್ಮಡಿಯಲ್ಲಿ ಯಾವುದು ನೆಲಕ್ಕೆ ಹೆಚ್ಚು ಭಾರ ಹಾಕ್ತಿದೆ ಅಂತ ಕೇಳಿದೆ. ಉತ್ತರವಿಲ್ಲ. ಬಗ್ಗಿ ನೋಡಿದರೆ ಗೊರಕೆ! "ಗುರುಗಳು ಭಾರಿ ಬೇಗ ಕಲಿತುಬಿಟ್ರು," ಅಂದ ಬ್ರೆಡ್ಡಿನವನು. ಸೂಲಗಿತ್ತಿ ಬಾಯಿಗೆ ಸೆರಗು ಒತ್ತಿಕೊಂಡಳು.

ಎದ್ದ ಮೇಲೆ ಒಂದು ಕೆಲಸ ಮಾಡಿದೆ. ಬ್ರೆಡ್ಡಿನವನು ತಂದುಕೊಡುವ ಹಾಳು ಹಿಟ್ಟು ಒಂದು ಮೂಟೆ ಇಟ್ಟಿರುತ್ತೇನೆ. ಜರಡಿ ಹಿಡಿದು ನೆಲದ ಮೇಲೆಲ್ಲ ತೆಳ್ಳಗೆ ಉದುರಿಸಿದೆ. "ಬರಿಗಾಲಲ್ಲಿ ಆ ಗೋಡೆವರೆಗೂ ಹೋಗಿ ನೀರು ಕುಡಿದು ಬನ್ನಿ," ಅಂದೆ. ಹೋದ, ಕುಡಿದ, ಬಂದ. "ಈಗ ತಿರುಗಿ ನೋಡಿ," ಅಂದೆ.

ಬಲಗಾಲಿನ ಗುರುತೆಲ್ಲ ಪೂರ್ತಿ ಪಾದ. ಎಡಗಾಲಿನ ಒಂದರಲ್ಲೂ ಹಿಮ್ಮಡಿ ಇಲ್ಲ! ನೀರು ಕುಡಿಯಲು ಹೋಗುವಾಗಲೂ ಅವನು ಒಂಬತ್ತನೇ ಹೆಜ್ಜೆಯನ್ನೇ ಇಡುತ್ತಿದ್ದಾನೆ. ಸತ್ತು ಹದಿನೆಂಟು ವರ್ಷವಾದ ಗುರುಗಳ ನೋವು ಅವನ ಸೊಂಟದಲ್ಲಿ ಸಂಸಾರ ಹೂಡಿದೆ!

ಅವನು ಗುರುತುಗಳನ್ನು ಒಂದೊಂದಾಗಿ ನೋಡಿದ. ಕೊನೆಗೆ, "ನಡಿಗೆ ಬೇರೆ, ವರಸೆ ಬೇರೆ," ಅಂದ.

"ಬೇರೆ ಬೇರೆ, ಖಂಡಿತ," ಅಂದೆ. ಆ ಕ್ಷಣಕ್ಕೇ ನನ್ನ ಸೇಡಿನ ದಾರಿ ಸಿಕ್ಕಿತು.

ಕೇಳು, ತಮ್ಮಾ, ಕೇಳು! ನಾನು ಅವನನ್ನು ವಾಸಿ ಮಾಡುತ್ತೇನೆ. ವರಸೆಯ ಮಾತೇ ಎತ್ತುವುದಿಲ್ಲ. ಮಲಗಿಸುತ್ತೇನೆ, ಉಸಿರಾಡಿಸುತ್ತೇನೆ, ಹಿಟ್ಟಿನ ಮೇಲೆ ನಡೆಸುತ್ತೇನೆ, ಅಷ್ಟೇ. ಆ ಎಡ ಹಿಮ್ಮಡಿ ನೆಲವನ್ನು ನಂಬುವ ಹಾಗೆ ಮಾಡುತ್ತೇನೆ. ಆಮೇಲೆ ಪುರಭವನದಲ್ಲಿ, ಎಂಟುನೂರು ಜನರೆದುರು, ಒಂಬತ್ತನೇ ಹೆಜ್ಜೆಗೆ ಅವನ ಮೈಯೇ ಅವನ ಹದಿನಾರು ಪುಟಕ್ಕೆ ಎದುರು ಸಾಕ್ಷಿ ಹೇಳುತ್ತದೆ!

ಯಾರಿಗೂ ಹೇಳಬೇಡ. ನಿನ್ನ ಹೆಂಡತಿಗಂತೂ ಬೇಡವೇ ಬೇಡ. ಆರೋಗ್ಯ ನೋಡಿಕೋ. ಮಕ್ಕಳಿಗೆ ಅತ್ತೆಯ ಮುದ್ದು ಕೊಡು.

ನಿನ್ನ ಅಕ್ಕ

ಮರೆತಿದ್ದೆ: ನೀನು ಈಗಲೂ ಎಡಗಾಲು ಎಳೆದುಕೊಂಡೇ ನಡೆಯುತ್ತೀಯಾ?


ಹಿಟ್ಟಿನ ಗಿರಣಿ,
ನವೆಂಬರ್ ೧೮, ಮಂಗಳವಾರ

ಚಿರಂಜೀವಿ ತಮ್ಮನಿಗೆ,

ಆಶೀರ್ವಾದ. ನಿನ್ನ ಕಾಗದ ಜುಲೈನಲ್ಲೇ ಬಂತು. ಉತ್ತರ ತಡವಾಯಿತು, ಕ್ಷಮಿಸು. ಅಷ್ಟಕ್ಕೂ ಅದನ್ನು ತೆರೆಯುವುದಕ್ಕೇ ಅರ್ಧ ದಿನ ಹಿಡಿಯಿತು. ಲಕೋಟೆಗೆ ಅಂಟು, ಅಂಟಿನ ಮೇಲೆ ಟೇಪು, ಟೇಪಿನ ಮೇಲೆ ಪಿನ್ನು! ಒಳಗೆ ನಾಲ್ಕೇ ಸಾಲು. 'ಬಿಟ್ಬಿಡು ಅಕ್ಕ. ಹಳೇ ಕಥೆ. ಎಲ್ಲರಿಗೂ ವಯಸ್ಸಾಯ್ತು. ಇಲ್ಲಿ ಮಳೆ ಚೆನ್ನಾಗಿ ಆಗಿದೆ.' ಮಳೆಯ ವಿಷಯ ತಿಳಿದು ಸಂತೋಷವಾಯಿತು.

ನಿಜ ಹೇಳಲಾ? ಆ ಕಾಗದ ಬಂದಾಗ ನನ್ನ ಮನಸ್ಸು ಮೆತ್ತಗಾಗಿತ್ತು. ಆ ವಾರವೇ ಮೀಸೆ ಮೊದಲ ಸಲ ರಾತ್ರಿಯಿಡೀ ನಿದ್ದೆ ಮಾಡಿದ್ದ. ಬೆಳಿಗ್ಗೆ ಬಂದವನೇ ಮಫ್ಲರ್ ತೆಗೆದು ಗೂಟಕ್ಕೆ ಹಾಕಿ, "ರಾತ್ರಿಯೆಲ್ಲ ಒಂದೇ ಮಗ್ಗುಲಲ್ಲಿ ಮಲಗಿದ್ದೆ ತಾಯಿ," ಅಂದ. ನನಗೆ! ತಾಯಿ! ಇವನು ಖಳನಾಗಿಯೇ ಇರಬಾರದೇ ಅನ್ನಿಸಿತು. ಕರೆದು ಹೇಳಿಬಿಡೋಣ ಅಂದುಕೊಂಡೆ, 'ಮಾರಾಯಾ, ಪುರಭವನದಲ್ಲಿ ನೀನು ಹೆಜ್ಜೆ ಇಡಬೇಡ, ಬೇರೆ ಯಾರಾದರೂ ಇಡಲಿ' ಅಂತ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಟಪಾಲಿನವಳು ಚೀಲದಿಂದ ನಿನ್ನ ಲಕೋಟೆ ತೆಗೆದಳು. 'ಹಳೇ ಕಥೆ' ಅನ್ನುವ ಎರಡು ಪದ ಓದಿದೆ ನೋಡು, ಮೆತ್ತಗಾಗಿದ್ದದ್ದು ಮತ್ತೆ ಕಲ್ಲಾಯಿತು. ಬಾಯಿ ಮುಚ್ಚಿಕೊಂಡು ಜರಡಿ ಹಿಡಿದು ಹಿಟ್ಟು ಉದುರಿಸಿದೆ.

ಆಗಸ್ಟಿನಲ್ಲಿ ಹಿಟ್ಟಿನ ಮೇಲೆ ಎಡ ಹಿಮ್ಮಡಿಯ ಅಂಚು ಮೂಡಿತು, ಸೆಪ್ಟೆಂಬರಿನಲ್ಲಿ ಅರ್ಧ. ಅಕ್ಟೋಬರಿನ ಒಂದು ದಿನ ಎರಡೂ ಪಾದ ಪೂರ್ತಿ! ಸೊಸೆ ಮೊಬೈಲಲ್ಲಿ ಫೋಟೋ ತೆಗೆದುಕೊಂಡಳು. ಬಸ್ಸಿನ ಡ್ರೈವರು ಹಾರನ್ನಿನ ಹಾಗೆ ಬಾಯಲ್ಲೇ ಊದಿದ. ಮೀಸೆಯ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ನನ್ನ ಕಾರಣ ಬೇರೆ.

"ವರಸೆ ಮನೇಲಿ ಅಭ್ಯಾಸ ಮಾಡ್ತಿದ್ದೀರಾ?" ಅಂತ ಒಮ್ಮೆ ಕೇಳಿದೆ.

"ನಲವತ್ತೈದು ವರ್ಷ ಮಾಡಿದ್ದನ್ನ ಈಗೇನು ಅಭ್ಯಾಸ? ಸೊಂಟ ಉಳಿಸ್ಕೊಂಡು ಅವತ್ತೇ ನೇರ ಇಳೀತೀನಿ," ಅಂದ.

"ಬಹಳ ಒಳ್ಳೇದು," ಅಂದೆ.

ಹೋದ ಭಾನುವಾರ ಬೆಳಿಗ್ಗೆ ಹತ್ತೂವರೆ. ಪುರಭವನ! ಕೆಂಪು ಮೆತ್ತೆಯ ಕುರ್ಚಿಗಳು, ಒಂದೂ ಖಾಲಿಯಿಲ್ಲ. ಸೊಸೆ ಕೊಟ್ಟ ಪಾಸು ಹಿಡಿದು ನಾನು ಮೂರನೇ ಸಾಲಿನ ಅಂಚಿಗೆ ಕೂತೆ, ನಿನ್ನ ಶಾಲು ಹೊದ್ದುಕೊಂಡು. ಶಾಲಿನ ಎಣ್ಣೆ ವಾಸನೆಗೆ ಪಕ್ಕದವರು ಎರಡು ಕುರ್ಚಿ ಆಚೆ ಹೋದರು, ಕಾಲು ಚಾಚಲು ಜಾಗವಾಯಿತು. ಮುಂದಿನ ಸಾಲಿನಲ್ಲಿ ಒಬ್ಬ ನಿವೃತ್ತ ನ್ಯಾಯಾಧೀಶರು, ಅವರ ಪಕ್ಕ ಗಾಲಿಕುರ್ಚಿಯಲ್ಲಿ ನಮ್ಮ ಗುರುಗಳ ಹೆಂಡತಿ, ಅಮ್ಮನವರು. ತೊಂಬತ್ತು ದಾಟಿದೆ, ಕಿವಿ ಅಷ್ಟಾಗಿ ಕೇಳಿಸದು, ಕಣ್ಣು ಮಾತ್ರ ಚುರುಕು.

ಪರದೆ ಎದ್ದಿತು. ನಡುವೆ ಮೀಸೆ, ಕಾಲರಿಗೆ ಸಣ್ಣ ಮೈಕು. ಅವನ ಹಿಂದೆ ಮೂರು ಸಾಲಿನಲ್ಲಿ ನಲವತ್ತೆರಡು ಮಂದಿ ಶಿಷ್ಯರು, ನಲವತ್ತೆರಡು ಕೋಲು. ತಮಟೆಯಿಲ್ಲ, ಎಣಿಕೆಯಿಲ್ಲ. ಅದು ಆ ಗರಡಿಯ ಹೆಮ್ಮೆ ಅಂತ ನಿನಗೆ ಗೊತ್ತು. ಮುಂದಿನವನ ಕಾಲ ಸದ್ದು ಕೇಳಿಸಿಕೊಂಡೇ ಹಿಂದಿನವರು ಹೆಜ್ಜೆಯಿಡಬೇಕು. ಒಂಬತ್ತನೆಯದರಲ್ಲಿ 'ಸರ್ರ್' ಅಂದ ಕೂಡಲೇ ಎಲ್ಲರೂ ಕೋಲು ಇಳಿಸಿ ಎಡಕ್ಕೆ ತಿರುಗಬೇಕು.

ಒಂದು. ಎರಡು. ಮೂರು. ಏನು ಚೆಂದವಾಗಿ ನಡೆದ ಗೊತ್ತಾ ಮುದುಕ! ಇಪ್ಪತ್ತು ವರ್ಷ ಚಿಕ್ಕವನಾಗಿದ್ದ. ಏಳು. ಎಂಟು.

ಧಪ್!

ಹಿಮ್ಮಡಿ ನೆಲಕ್ಕೆ ಕೂತಿತು. ಪೂರ್ತಿಯಾಗಿ, ಗಟ್ಟಿಯಾಗಿ, ನಂಬಿಕೆಯಿಂದ.

'ಸರ್ರ್' ಬರಲೇ ಇಲ್ಲ! ಮೊದಲ ಸಾಲು ಅಂದಾಜಿನ ಮೇಲೆ ತಿರುಗಿತು, ಎರಡನೇ ಸಾಲು ಅರ್ಧ ತಿರುಗಿತು, ಮೂರನೇ ಸಾಲು ಇನ್ನೂ ಸದ್ದಿಗೆ ಕಾಯುತ್ತ ನಿಂತಿತು. ಕೋಲಿಗೆ ಕೋಲು, ಮೊಣಕೈಗೆ ಮೂಗು, ಟಕ ಟಕ ಟಕಾ! ಒಂದು ಕೋಲು ಉರುಳಿ ಬಂದು ನ್ಯಾಯಾಧೀಶರ ತೊಡೆಯ ಮೇಲೆ ಕೂತಿತು. ಅವರು ಅದನ್ನು ಸಾಕ್ಷ್ಯದ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದರು. ಹಿಂದಿನ ಸಾಲಿನಲ್ಲಿ ಒಬ್ಬ, "ಹೊಡಿ ಒಂಬತ್ತು!" ಅಂತ ಕೂಗಿದ. ಎಂಟುನೂರು ಜನ ನಕ್ಕರು ನೋಡು, ಅಪ್ಪನ ಕಂಪನಿಯ ಹಾಸ್ಯಗಾರನಿಗೂ ಅಂಥ ನಗು ಬಿದ್ದಿರಲಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು. ಮೂವತ್ತೊಂದು ವರ್ಷದ ಉರಿ ಒಂದು ಧಪ್ ಶಬ್ದಕ್ಕೆ!

ಮೀಸೆ ಕೈಯೆತ್ತಿದ. "ಮತ್ತೆ," ಅಂದ. ಮತ್ತೆ ಒಂದರಿಂದ. ಮತ್ತೆ ಒಂಬತ್ತು. ಮತ್ತೆ ಧಪ್!

ಮೂರನೇ ಸಲ ಅವನು ಹಿಂದಿನವರನ್ನು ನಿಲ್ಲಿಸಿ ಒಬ್ಬನೇ ಇಟ್ಟ. ಬೇಕಂತಲೇ ಎಳೆಯಲು ಹೋದ. ಮೈಗೆ ಅದು ಹೇಗೆ ಅಂತಲೇ ಮರೆತುಹೋಗಿತ್ತು. ಮುಗ್ಗರಿಸಿದ. ಕೋಲೂರಿ ನಿಂತ. ತನ್ನ ಎಡಗಾಲನ್ನು ನೋಡಿದ. ಹಿಮ್ಮಡಿ ಎತ್ತಿದ, ಊರಿದ, ಎತ್ತಿದ, ಊರಿದ. ಕಾಲರಿನ ಮೈಕು ಆರಿಸಿಲ್ಲ ಅನ್ನುವುದು ಅವನಿಗೆ ಜ್ಞಾಪಕವಿರಲಿಲ್ಲ. ತನಗೆ ತಾನೇ ಮೆಲ್ಲಗೆ ಹೇಳಿಕೊಂಡದ್ದು ನಾಲ್ಕೂ ಗೋಡೆಯ ಸ್ಪೀಕರುಗಳಲ್ಲಿ ಮೊಳಗಿತು.

"ನೋವೇ ಇಲ್ಲ."

ನಗು ನಿಂತಿತು. ಆಗ, ಕಿವುಡರು ಮಾತಾಡುವ ಆ ದೊಡ್ಡ ದನಿಯಲ್ಲಿ, ಅಮ್ಮನವರು ಹೇಳಿದರು: "ಪಾಪ, ಅವರಿಗೂ ಹೀಗೆ ಒಂದು ದಿನ ಕಾಲೂರೋಕೆ ಆಗಿದ್ರೆ! ಗಾಜು ಒಳಗೇ ಉಳಿದುಹೋಯ್ತು."

ನ್ಯಾಯಾಧೀಶರು ಅವರ ಕಿವಿಗೆ ಬಗ್ಗಿ, "ಯಾವ ಗಾಜು, ತಾಯಿ?" ಅಂದರು.

"ಲಾಂದ್ರದ ಗಾಜು. ಎಡಗಾಲಿನ ಹಿಮ್ಮಡೀಲಿ. ಅರ್ಧ ನಾನೇ ಸೂಜಿ ಹಾಕಿ ತೆಗ್ದೆ, ಇನ್ನರ್ಧ ಸಿಗಲಿಲ್ಲ. ಯಾರಿಗೂ ಹೇಳ್ಬೇಡ, ಶಿಷ್ಯರು ನಗ್ತಾರೆ ಅಂದಿದ್ರು. ಈಗ ಅವರೇ ಇಲ್ಲವಲ್ಲ, ಹೇಳಿದ್ರೆ ಯಾರು ಬೈತಾರೆ?"

ತಮ್ಮಾ, ಈ ಒಂದು ಘಳಿಗೆಗಾಗಿ ನಾನೊಂದು ಭಾಷಣ ಬಾಯಿಪಾಠ ಮಾಡಿಟ್ಟಿದ್ದೆ. ಮೂವತ್ತೊಂದು ವರ್ಷ ತಿದ್ದಿದ ಭಾಷಣ. ಎದ್ದು ನಿಂತೆ. ಜನ ತಿರುಗಿ ನೋಡಿದರು, ಹಳಬರು ಕೆಲವರಿಗೆ ಗುರುತು ಸಿಕ್ಕಿತು. 'ನಾಟಕದವಳಲ್ವಾ?' ಅಂತ ಪಿಸುಗುಟ್ಟಿದರು. ನಾನು ಒಂದಕ್ಷರ ಆಡಲಿಲ್ಲ. ಶಾಲು ಸರಿಮಾಡಿಕೊಂಡು ಮತ್ತೆ ಕೂತೆ. ಅಪ್ಪನಿಂದ ಕಲಿತದ್ದು: ಎದುರಿನ ಪಾತ್ರವೇ ನಿನ್ನ ಮಾತು ಆಡಿಬಿಟ್ಟರೆ, ನೀನು ಬಾಯಿ ತೆರೆದು ಕೆಡಿಸಬೇಡ.

ಮಧ್ಯಾಹ್ನ ಗರಡಿಗೆ ಹೋದೆ. ಮೀಸೆ ಒಬ್ಬನೇ ಮೆಟ್ಟಿಲ ಮೇಲೆ ಕೂತಿದ್ದ. ಕುಂಟದೆ ಎದ್ದು ನಿಂತ.

"ನೀನು ಬೇಕಂತಲೇ ಮಾಡಿದೆ," ಅಂದ.

"ಹೌದು."

ಅವನು ಮೀಸೆ ತೀಡಿಕೊಂಡ. "ಚೆನ್ನಾಗೂ ಮಾಡಿದೆ. ಈಗ ಏನು ಬೇಕು?"

"ನನ್ನ ಅಪ್ಪನ ಗಳ."

ಬಚ್ಚಲುಮನೆಗೆ ಕರೆದುಕೊಂಡು ಹೋದ. ಗಳದ ಮೇಲೆ ಸಾಲಾಗಿ ಹನ್ನೊಂದು ಚಡ್ಡಿ. ನಾನು ಕೈ ಕಟ್ಟಿಕೊಂಡು ನಿಂತೆ. ಅವನು ಒಂದೊಂದಾಗಿ ತೆಗೆದು, ಹಿಂಡಿ, ಬಕೆಟ್ಟಿಗೆ ಹಾಕಿದ. ಹನ್ನೊಂದೂ! ನಾನು ಗಟ್ಟಿಯಾಗಿ ಎಣಿಸಿದೆ, ನನ್ನ ಗಂಟಲು ಬಚ್ಚಲಲ್ಲಿ ಚೆನ್ನಾಗಿ ಮೊಳಗುತ್ತದೆ. ಆಮೇಲೆ ಗಳ ಇಳಿಸಿ, ತನ್ನ ಅಂಗಿಯ ಚುಂಗಿನಲ್ಲೇ ಒರೆಸಿ, ಎರಡು ಕೈಯಲ್ಲಿ ಹಿಡಿದುಕೊಟ್ಟ. ನೀರು ತಾಗಿ ಮರ ಕಪ್ಪಾಗಿದೆ, ಹಿತ್ತಾಳೆ ಬಳೆ ಹಸಿರಾಗಿದೆ. ಅಗುಳಿಯ ತುಂಡು ಕೇಳಲಿಲ್ಲ. ಅದು ಅಲ್ಲೇ ಬಾಗಿಲು ಕಾಯಲಿ.

ಪುಸ್ತಿಕೆಯ ಉಳಿದ ಪ್ರತಿಗಳನ್ನೆಲ್ಲ ಸೊಸೆ ನನ್ನ ಗಿರಣಿಗೆ ಕಳಿಸಿದ್ದಾಳೆ. ಬ್ರೆಡ್ಡಿನವನು ಒಲೆ ಹೊತ್ತಿಸಲು ಒಯ್ಯುತ್ತಿದ್ದಾನೆ. ಅವನ ಬ್ರೆಡ್ಡು ಈಗ ಹದವಾಗಿ ಬೇಯುತ್ತಿದೆಯಂತೆ. ನಿನ್ನೆಯಿಂದ ಗರಡಿಯ ಏಳು ಜನ ಮಲಗಲು ಬರುತ್ತಿದ್ದಾರೆ. ಎಂಟನೆಯವನಾಗಿ ಮೀಸೆ, ಮಫ್ಲರ್ ಇಲ್ಲದೆ. ಅವನ ಮೇಲಿನ ಸಿಟ್ಟು ಹುಡುಕಿದೆ, ಸಿಗಲಿಲ್ಲ. ಖರ್ಚಾಗಿಹೋಗಿದೆ.

ನಿನಗೂ ನಿನ್ನ ಮನೆಯವರಿಗೂ ಒಳ್ಳೆಯದಾಗಲಿ. ಮಕ್ಕಳು ನೆಟ್ಟಗೆ ನಡೆಯಲಿ. ಚಳಿ ಶುರುವಾಗಿದೆ, ಬರಿಗಾಲಲ್ಲಿ ಅಂಗಳದಲ್ಲಿ ಓಡಾಡಬೇಡ.

ನಿನ್ನ ಅಕ್ಕ

ಮತ್ತೊಂದು ಮಾತು. ಈ ಕಾಗದದ ಜೊತೆ ಒಂದು ಉದ್ದನೆಯ ಪಾರ್ಸೆಲ್ ಬರುತ್ತದೆ. ಬಿಚ್ಚಿದರೆ ಅಪ್ಪನ ಗಳದ ತುಂಡು, ಬಳೆಯಿರುವ ತುದಿ. ನನ್ನ ಹತ್ತಿರ ಇಟ್ಟುಕೊಳ್ಳದೆ ನಿನಗೇಕೆ ಕಳಿಸಿದೆ ಅಂತ ನಿನ್ನ ಹೆಂಡತಿ ಕೇಳಿದರೆ, ಇದನ್ನು ಓದಿ ಹೇಳು.

ಬಚ್ಚಲುಮನೆಯಲ್ಲಿ ಆರನೇ ಚಡ್ಡಿ ಹಿಂಡುತ್ತಾ ಮೀಸೆ ಹೇಳಿದ: "ಅವತ್ತು ನಿನ್ನ ತಮ್ಮ ಒಂದು ಮಾತು ಹೌದು ಅಂದಿದ್ರೆ ನಾನು ನಂಬಿಬಿಡ್ತಿದ್ದೆ ಕಣಮ್ಮಾ. ನೀನು ನಾಟಕದವಳು, ಬಾಯಿ ದೊಡ್ಡದು. ಅವನು ಹಾಗಲ್ಲವಲ್ಲ."

ಅವತ್ತು ಗುರುಗಳು ಕೇಳಿದ ಒಂದೇ ಒಂದು ಪ್ರಶ್ನೆ ನಿನಗೆ. "ನೀನೂ ಕೈಯಿಟ್ಟಿದ್ದೆಯಲ್ಲಪ್ಪಾ, ನಿನಗೇನು ಗೊತ್ತಾಯ್ತು?" ಗುರುಗಳ ಮುಖ ನಾನು ನೋಡಿದೆ. ಅದರಲ್ಲಿ ಸಿಟ್ಟಿರಲಿಲ್ಲ. ನೀನು ಹೌದು ಅಂದುಬಿಡಲಿ ಅಂತ ಆ ಮುದುಕರು ಕಾಯುತ್ತಿದ್ದರು. ಹಾಗೆ ಅಂದಿದ್ದರೆ ಅವರೂ ಅವತ್ತೇ ಕಾಲೂರುತ್ತಿದ್ದರು. ಅದಕ್ಕೆ ಅರ್ಧ ಗಂಟೆ ಮುಂಚೆ, ಬಾವಿಕಟ್ಟೆಯ ಹತ್ತಿರ, ನೀನೇ ನನ್ನ ಕಿವಿಯಲ್ಲಿ ಹೇಳಿದ್ದೆ, "ಅಕ್ಕಾ, ಬೆಕ್ಕಿನ ಬೆನ್ನು ಬೆದರಿದ ಹಾಗೆ ಬೆದರಿತು ಕಣೇ," ಅಂತ. ನಿನ್ನ ಧೈರ್ಯದ ಮೇಲೆ ನಾನು ಬಾಯಿ ತೆರೆದದ್ದು. ಪ್ರಶ್ನೆ ಬಂದಾಗ ನೀನು ಮೀಸೆಯ ಮುಖ ನೋಡಿದೆ. ಬಾಗಿಲಲ್ಲಿ ನಿಂತಿದ್ದ ಅವನ ತಂಗಿಯ, ಈಗಿನ ನಿನ್ನ ಹೆಂಡತಿಯ, ಮುಖವನ್ನೂ ನೋಡಿದೆ. "ನನಗೇನೂ ಗೊತ್ತಾಗಲಿಲ್ಲ," ಅಂದೆ.

ಗರಗಸ ಹಿಡಿದವನು ಮೀಸೆ. ಗಳ ಅಲುಗದ ಹಾಗೆ ಈ ತುದಿ, ಈ ಬಳೆಯ ತುದಿ, ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡವನು ನೀನು. ಅಪ್ಪನ ಗಳ ಕಣೋ!

ಬಾಗಿಲು ಹಾಕಿಕೊಂಡು ನೆಲದ ಮೇಲೆ ಮಲಗು. ಗಳವನ್ನು ಬೆನ್ನಿನ ಕೆಳಗೆ ಉದ್ದಕ್ಕೆ ಇಟ್ಟುಕೋ. ಮೂರು ತಿಂಗಳು ಬೇಡ, ಮೂರು ನಿಮಿಷ ಸಾಕು. ಎಲ್ಲಿ ಬೆದರುತ್ತದೆ ನೋಡು. ಆಮೇಲೆ ಎದ್ದು ನನಗೆ ಬರೆ. 'ನನಗೂ ಗೊತ್ತಾಗಿತ್ತು ಅಕ್ಕ.' ಅಷ್ಟೇ ಸಾಕು, ಮಳೆಯ ವಿಷಯ ಬೇಡ.

ಲಕೋಟೆ, ಅಂಟು, ಟೇಪು ಏನೂ ಬೇಡ. ಕಾರ್ಡಿನಲ್ಲಿ ಬರೆ, ದೊಡ್ಡ ಅಕ್ಷರದಲ್ಲಿ. ನಿನ್ನ ಬೀದಿಯ ಟಪಾಲಿನವರು ಓದಲಿ, ವಿಂಗಡಿಸುವವರು ಓದಲಿ, ನನ್ನ ಶಿಷ್ಯೆ ಓದಿ ತಂದುಕೊಡಲಿ.